ಜಾಕ್ಯಾಸ್ ಚಿತ್ರಗಳ ಹೋಮ್ ವಿಡಿಯೊ

ಜಾಕ್ಯಾಸ್ ಅಮೆರಿಕದ ಹುಚ್ಚು ಸಾಹಸ ಮತ್ತು ಕುಚೇಷ್ಟೆಗಳ ಹಾಸ್ಯ ಸರಣಿ. 2000ರ ಅಕ್ಟೋಬರ್ 1ರಂದು ಎಂಟಿವಿ ವಾಹಿನಿಯಲ್ಲಿ ಶುರುವಾಗಿ, 2002ರಿಂದ ಸಿನಿಮಾ ಆಯಿತು. ಇದರ ರೂವಾರಿಗಳು ಜೆಫ್ ಟ್ರೆಮೈನ್, ಸ್ಪೈಕ್ ಜೋನ್ಸ್ ಮತ್ತು ಜಾನಿ ನಾಕ್ಸ್‌ವಿಲ್. ಇದರಲ್ಲಿ ಕತೆಯಿಲ್ಲ, ನಾಯಕಿಯಿಲ್ಲ, ಕೊನೆಯಲ್ಲಿ ಮದುವೆಯೂ ಇಲ್ಲ. ಗೆಳೆಯರ ಗುಂಪೊಂದು ತಮ್ಮ ಮೈಗೆ ತಾವೇ ಪೆಟ್ಟು ಮಾಡಿಕೊಳ್ಳುತ್ತದೆ, ಒಬ್ಬರನ್ನೊಬ್ಬರು ಬೇಸ್ತು ಬೀಳಿಸುತ್ತದೆ, ಬಿದ್ದವನನ್ನು ಎತ್ತುವ ಮೊದಲು ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಚಿತ್ರಮಂದಿರದಲ್ಲಿ ಕೋಟಿಗಟ್ಟಲೆ ಗಳಿಸಿದರೂ ಈ ಸರಣಿಯ ತವರುಮನೆ ಕ್ಯಾಸೆಟ್ ಮತ್ತು ಡಿವಿಡಿಯೇ.

ಹೆಸರಿನ ಅರ್ಥ ಗಂಡು ಕತ್ತೆ; ಬೈಗುಳವಾಗಿ ಮುಠ್ಠಾಳ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ಕತ್ತೆಯಲ್ಲ, ತರಲೆ. ಉಪೇಂದ್ರ ನಿರ್ದೇಶಿಸಿದ ಮೊದಲ ಚಿತ್ರ, ಜಗ್ಗೇಶ್ ನಾಯಕರಾಗಿದ್ದ 1992ರ ‘ತರ್ಲೆ ನನ್ ಮಗ’, ಈ ಪದದೊಳಗೆ ಬೈಗುಳದ ಜೊತೆಗೆ ಮುದ್ದೂ ಎಷ್ಟಿದೆ ಎಂಬುದನ್ನು ತೋರಿಸಿತ್ತು. ನಾಕ್ಸ್‌ವಿಲ್ ಗುಂಪಿನವರನ್ನು ಅವರ ಅಭಿಮಾನಿಗಳು ಕಾಣುವುದೂ ಹೀಗೇ.

ಕ್ಯಾಸೆಟ್ಟಿನ ಕಾಲ

ಜಾಕ್ಯಾಸ್ ಹುಟ್ಟುವ ಮೊದಲು ಟ್ರೆಮೈನ್ ‘ಬಿಗ್ ಬ್ರದರ್’ ಎಂಬ ಸ್ಕೇಟ್‌ಬೋರ್ಡ್ ಪತ್ರಿಕೆಯ ಸಂಪಾದಕ. ನಟನಾಗುವ ಆಸೆ ಹೊತ್ತಿದ್ದ ನಾಕ್ಸ್‌ವಿಲ್ ಅವರ ಬಳಿಗೆ ಒಂದು ಲೇಖನದ ಯೋಚನೆ ತಂದರು: ಆತ್ಮರಕ್ಷಣೆಗೆಂದು ಮಾರುವ ಸಾಧನಗಳನ್ನು, ಅಂದರೆ ಕಣ್ಣಿಗೆ ಎರಚುವ ಖಾರದ ಸ್ಪ್ರೇ, ವಿದ್ಯುತ್ ಹೊಡೆಯುವ ಟೇಸರ್ ಮೊದಲಾದವನ್ನು, ತನ್ನ ಮೈಮೇಲೇ ಪ್ರಯೋಗಿಸಿ ಬರೆಯುವುದು. ಬರೆದರೆ ಸಾಲದು, ಚಿತ್ರೀಕರಿಸು ಎಂದರು ಟ್ರೆಮೈನ್. ಆ ದೃಶ್ಯಗಳು ಪತ್ರಿಕೆ ಹೊರತರುತ್ತಿದ್ದ ವಿಡಿಯೊ ಕ್ಯಾಸೆಟ್ಟಿನಲ್ಲಿ ಬಂದವು. ಅತ್ತ ಪೆನ್ಸಿಲ್ವೇನಿಯಾದಲ್ಲಿ ಬ್ಯಾಮ್ ಮಾರ್ಗೆರಾ ಎಂಬ ಸ್ಕೇಟರ್ ಗೆಳೆಯರ ಜೊತೆ ಸೇರಿ, ಸ್ವಂತ ಅಪ್ಪ ಅಮ್ಮನನ್ನೇ ಗೋಳುಹೊಯ್ದುಕೊಳ್ಳುವ ‘ಸಿಕೆವೈ’ ವಿಡಿಯೊಗಳನ್ನು ಮಾಡುತ್ತಿದ್ದರು. ಈ ಎರಡು ಗುಂಪು ಕೂಡಿದ್ದೇ ಜಾಕ್ಯಾಸ್.

ದೂರದರ್ಶನದಲ್ಲಿ ಅದರ ಆಯುಸ್ಸು ಚಿಕ್ಕದು. 2001ರಲ್ಲಿ ಕನೆಕ್ಟಿಕಟ್ ರಾಜ್ಯದ 13 ವರ್ಷದ ಹುಡುಗನೊಬ್ಬ, ಬೆಂಕಿಯ ಸಾಹಸವೊಂದನ್ನು ಅನುಕರಿಸಲು ಹೋಗಿ ತೀವ್ರವಾಗಿ ಸುಟ್ಟುಕೊಂಡ. ಆ ರಾಜ್ಯದ ಸೆನೆಟರ್ ಜೋ ಲೀಬರ್‌ಮನ್ ವಾಹಿನಿಯ ಮೇಲೆ ಹರಿಹಾಯ್ದರು. ಕಾರ್ಯಕ್ರಮ ತಡರಾತ್ರಿಗೆ ಸರಿಯಿತು. ಪ್ರತಿ ಕಂತಿನ ಮೊದಲಲ್ಲಿ ಎಚ್ಚರಿಕೆ ಇದ್ದೇ ಇತ್ತು: ಇವನ್ನು ನೀವು ಮಾಡಬೇಡಿ, ಮಾಡಿ ಚಿತ್ರೀಕರಿಸಿ ನಮಗೆ ಕಳಿಸಲೂ ಬೇಡಿ, ಕಳಿಸಿದರೆ ನಾವು ನೋಡುವುದಿಲ್ಲ. ಈ ಎರಡನೆಯ ಮಾತು ಗಮನಿಸಬೇಕಾದ್ದು. ನೋಡುಗನೂ ಕ್ಯಾಮೆರಾ ಹಿಡಿದು ನಿಲ್ಲುವ ಕಾಲ ಬರುತ್ತಿದೆ ಎಂಬುದು ವಾಹಿನಿಯ ವಕೀಲರಿಗೆ ಎಲ್ಲರಿಗಿಂತ ಮೊದಲೇ ಹೊಳೆದಿತ್ತು.

ಡಿವಿಡಿ ಮತ್ತು ಅರ್ಧ ಸಂಖ್ಯೆಗಳು

ಮೊದಲ ಚಿತ್ರ ‘ಜಾಕ್ಯಾಸ್: ದಿ ಮೂವಿ’ 2002ರ ಅಕ್ಟೋಬರ್ 25ರಂದು ತೆರೆಕಂಡಿತು. ಖರ್ಚು ಸುಮಾರು 50 ಲಕ್ಷ ಡಾಲರ್. ಗಳಿಕೆ 7 ಕೋಟಿ 90 ಲಕ್ಷ ಡಾಲರ್ ಆಸುಪಾಸು. ಆರಂಭದ ದೃಶ್ಯವೇ ಚಿತ್ರದ ಗುಣ ಹೇಳುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ತುಂಬುವ ತಳ್ಳುಗಾಡಿಯನ್ನು ರಾಕ್ಷಸ ಗಾತ್ರದಲ್ಲಿ ಮಾಡಿಸಿ, ಅದರೊಳಗೆ ಇಡೀ ಗುಂಪು ನಿಂತು ರಸ್ತೆಯಲ್ಲಿ ಉರುಳುತ್ತಾ ಬರುತ್ತದೆ. ಚಲನೆ ನಿಧಾನ, ಹಿನ್ನೆಲೆಯಲ್ಲಿ ಕಾರ್ಲ್ ಓರ್ಫ್‌ನ ಭವ್ಯವಾದ ವೃಂದಗಾನ. ಯುದ್ಧದ ಸಿನಿಮಾಕ್ಕೆ ಒಪ್ಪುವ ಗಾಂಭೀರ್ಯವನ್ನು ತಂದು ತಳ್ಳುಗಾಡಿಯ ತಲೆಗೆ ಕಟ್ಟಿದ್ದಾರೆ. ಕೊನೆಗೆ ಗಾಡಿ ಗುದ್ದಿ ಎಲ್ಲರೂ ಚೆಲ್ಲಾಪಿಲ್ಲಿ.

2003ರ ಮಾರ್ಚ್‌ನಲ್ಲಿ ಇದರ ಡಿವಿಡಿ ಬಂತು. ಈ ಬಗೆಯ ಚಿತ್ರಕ್ಕೆ ಡಿವಿಡಿ ಹೇಳಿ ಮಾಡಿಸಿದ ಮಾಧ್ಯಮ. ಒಂದೊಂದು ಪ್ರಸಂಗ ಒಂದೆರಡು ನಿಮಿಷದ್ದು. ಹಿಂದಿನದಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲ. ರಿಮೋಟಿನ ಒಂದು ಗುಂಡಿ ಒತ್ತಿ ಬೇಕಾದ್ದಕ್ಕೆ ಹಾರಬಹುದು, ಹೇಸಿಗೆಯಾದದ್ದನ್ನು ದಾಟಿಸಬಹುದು, ಹೊಸದಾಗಿ ಬಂದ ಗೆಳೆಯನಿಗೆ ಅದೊಂದನ್ನೇ ಮತ್ತೆ ತೋರಿಸಬಹುದು. ಜೊತೆಗೆ ಇನ್ನೊಂದು ಧ್ವನಿಪಥದಲ್ಲಿ ನಟರೇ ಕೂತು, ಯಾವ ಏಟಿಗೆ ಎಷ್ಟು ಹೊಲಿಗೆ ಬಿತ್ತು ಎಂದು ಹರಟುತ್ತಾರೆ. ಚಿತ್ರಮಂದಿರಕ್ಕಿಂತ ಇದೇ ಹೆಚ್ಚು ಮಜಾ. ಹಾಸ್ಟೆಲ್ ಕೋಣೆಯಲ್ಲಿ ಎಂಟು ಜನ ಒಂದು ಮಂಚದ ಮೇಲೆ ಕೂತು ನೋಡಬೇಕಾದ ಸರಕು ಇದು; ಒಂಟಿಯಾಗಿ ನೋಡಿದರೆ ಅರ್ಧಕ್ಕರ್ಧ ನಗು ಬರುವುದಿಲ್ಲ.

‘ಅನ್‌ರೇಟೆಡ್’ ಎಂಬ ಲೇಬಲ್ ಹಚ್ಚಿ, ಚಿತ್ರಮಂದಿರದಲ್ಲಿ ತೋರಿಸಲಾಗದ್ದನ್ನು ಸೇರಿಸಿ ಮಾರುವ ಉಪಾಯವೂ ಡಿವಿಡಿಗೆ ಒದಗಿಬಂತು. ಅಮೆರಿಕದಲ್ಲಿ ಚಿತ್ರಗಳಿಗೆ ಶ್ರೇಣಿ ಪಡೆಯುವುದು ಉದ್ಯಮದೊಳಗಿನ ಸ್ವಯಂ ಏರ್ಪಾಟು, ಕಾನೂನಿನ ಕಡ್ಡಾಯವಲ್ಲ. ನಮ್ಮಲ್ಲಿ 1952ರ ಸಿನಿಮಾಟೋಗ್ರಾಫ್ ಕಾಯಿದೆಯಡಿ ಪ್ರಮಾಣಪತ್ರ ಬೇಕೇ ಬೇಕು. ಹಾಗಾಗಿ ‘ಅನ್‌ರೇಟೆಡ್’ ಎಂಬ ಮಾತಿಗೆ ಇಲ್ಲಿನ ಅಧಿಕೃತ ಮಾರುಕಟ್ಟೆಯಲ್ಲಿ ಜಾಗವೇ ಇರಲಿಲ್ಲ.

ಎರಡನೆಯ ಚಿತ್ರ ‘ಜಾಕ್ಯಾಸ್ ನಂಬರ್ ಟೂ’ 2006ರ ಸೆಪ್ಟೆಂಬರ್ 22ರಂದು ಬಂತು. ಇದಕ್ಕೆ ಚಿತ್ರೀಕರಿಸಿದ್ದು ಬಳಸಿದ್ದಕ್ಕಿಂತ ಎಷ್ಟೋ ಹೆಚ್ಚು. ಉಳಿದದ್ದನ್ನು ಬಿಸಾಡದೆ, ತೆರೆಯ ಹಿಂದಿನ ಮಾತುಕತೆಯ ಒಗ್ಗರಣೆ ಹಾಕಿ, ‘ಜಾಕ್ಯಾಸ್ 2.5’ ಎಂದು ಬೇರೆಯೇ ಚಿತ್ರ ಮಾಡಿದರು. ರಾತ್ರಿ ಉಳಿದ ಅನ್ನ ಬೆಳಗ್ಗೆ ಚಿತ್ರಾನ್ನವಾಗುವ ಹಾಗೆ. ಇದು ಚಿತ್ರಮಂದಿರದ ಮುಖ ನೋಡಲಿಲ್ಲ. 2007ರ ಡಿಸೆಂಬರ್ 19ರಂದು ಅಂತರ್ಜಾಲದಲ್ಲಿ ಉಚಿತವಾಗಿ ಬಂತು. ಒಂದೇ ವಾರಕ್ಕೆ, ಡಿಸೆಂಬರ್ 26ರಂದು, ಡಿವಿಡಿ ಅಂಗಡಿಗೆ ಬಂತು. ಹಾಲಿವುಡ್‌ನ ದೊಡ್ಡ ಸಂಸ್ಥೆಯೊಂದು ಪೂರ್ಣ ಚಿತ್ರವನ್ನು ಹೀಗೆ ಮೊದಲು ಬ್ರಾಡ್‌ಬ್ಯಾಂಡ್‌ನಲ್ಲಿ ಬಿಟ್ಟದ್ದು ಇದೇ ಮೊದಲು ಎಂದು ಪ್ರಚಾರವಾಯಿತು. ವಿಡಿಯೊ ಬಾಡಿಗೆ ಅಂಗಡಿಗಳ ಸಾಮ್ರಾಟ ಬ್ಲಾಕ್‌ಬಸ್ಟರ್ ಇದರ ಪಾಲುದಾರ. ಅದೇ ಬ್ಲಾಕ್‌ಬಸ್ಟರ್ 2010ರಲ್ಲಿ ದಿವಾಳಿ ಅರ್ಜಿ ಹಾಕಿತು.

ಅರ್ಧ ಸಂಖ್ಯೆ ಆಮೇಲೆ ಸಂಪ್ರದಾಯವಾಯಿತು. 2010ರ ‘ಜಾಕ್ಯಾಸ್ 3ಡಿ’ ಸರಣಿಯಲ್ಲೇ ಅತಿ ಹೆಚ್ಚು, ಸುಮಾರು 17 ಕೋಟಿ ಡಾಲರ್, ಗಳಿಸಿದ ಚಿತ್ರ. ಸೆಕೆಂಡಿಗೆ ಸಾವಿರ ಚೌಕಟ್ಟು ಸೆರೆಹಿಡಿಯುವ ಫ್ಯಾಂಟಮ್ ಕ್ಯಾಮೆರಾದಲ್ಲಿ, ಕೆನ್ನೆಗೆ ಬಿದ್ದ ಏಟು ನೀರಿನ ಅಲೆಯಂತೆ ಮುಖದ ಆಚೆ ಬದಿಗೆ ಹರಿದುಹೋಗುವುದನ್ನು ಇದರಲ್ಲಿ ನೋಡಬಹುದು. ಇದರ ಉಳಿಕೆಯಿಂದ 2011ರಲ್ಲಿ ‘3.5’ ಬಂತು, ಆ ಜೂನ್‌ನಲ್ಲೇ ಗುಂಪಿನ ರಯಾನ್ ಡನ್ ಕಾರು ಅಪಘಾತದಲ್ಲಿ ತೀರಿಕೊಂಡರು. 2013ರ ‘ಬ್ಯಾಡ್ ಗ್ರ್ಯಾಂಡ್‌ಪಾ’ದಲ್ಲಿ ನಾಕ್ಸ್‌ವಿಲ್ 86ರ ಮುದುಕನ ವೇಷ ಹಾಕಿ, ಗುಟ್ಟಾಗಿ ಇಟ್ಟ ಕ್ಯಾಮೆರಾ ಮುಂದೆ ಅಪರಿಚಿತರನ್ನು ನಂಬಿಸಿದರು. ಆ ಮೇಕಪ್ ಆಸ್ಕರ್ ನಾಮನಿರ್ದೇಶನಕ್ಕೂ ಹೋಯಿತು. ‘ಜಾಕ್ಯಾಸ್ ಫಾರೆವರ್’ 2022ರ ಫೆಬ್ರವರಿಯಲ್ಲಿ ತೆರೆಕಂಡಿತು. ಅದರ ಉಳಿಕೆಯಾದ ‘4.5’ ಅದೇ ವರ್ಷದ ಮೇ ತಿಂಗಳಲ್ಲಿ ನೇರ ನೆಟ್‌ಫ್ಲಿಕ್ಸ್‌ಗೆ ಬಂತು.

ಬೆಂಗಳೂರಿನಲ್ಲಿ

ಟಿವಿ ಮತ್ತು ವಿಸಿಪಿಯನ್ನು ಒಂದು ರಾತ್ರಿಗೆ ಬಾಡಿಗೆ ತಂದು, ಬೆಳಗಾಗುವುದರೊಳಗೆ ಮೂರು ಸಿನಿಮಾ ಮುಗಿಸುತ್ತಿದ್ದ ದಿನಗಳಿಂದ ಈ ನಗರಕ್ಕೆ ಹೋಮ್ ವಿಡಿಯೊ ಗೊತ್ತು. ಆಮೇಲೆ ಬಂದ ವಿಸಿಡಿಯಲ್ಲಿ ಒಂದು ಡಿಸ್ಕಿಗೆ ಹಿಡಿಸುತ್ತಿದ್ದದ್ದು 74 ನಿಮಿಷ. ಸಿನಿಮಾ ಒಂದಕ್ಕೆ ಎರಡು ಮೂರು ಡಿಸ್ಕು ಬೇಕು, ಕ್ಲೈಮ್ಯಾಕ್ಸಿನ ಡಿಸ್ಕಿನಲ್ಲೇ ಗೀರು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಕೊಟ್ಟು ಬೆಲೆಯನ್ನೇ ಮುರಿಯಿತು.

ಜಾಕ್ಯಾಸ್‌ನಂಥ ಸರಕಿಗೆ ಗಿರಾಕಿಗಳು ಇರುತ್ತಿದ್ದದ್ದು ಇಂಗ್ಲಿಷ್ ಸಿನಿಮಾದ ರೂಢಿ ಇದ್ದ ಕಡೆ: ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕೆ ಹಬ್ಬಿದ ಬಡಾವಣೆಗಳು. ಕಮ್ಮನಹಳ್ಳಿ ಅಂಥದ್ದು. ಒಂದು ಮಗ್ಗುಲಿಗೆ ಲಿಂಗರಾಜಪುರ, ಇನ್ನೊಂದಕ್ಕೆ ಎಚ್‌ಆರ್‌ಬಿಆರ್ ಬಡಾವಣೆ, ಬಾಣಸವಾಡಿ. ಹಳೆಯ ಹಳ್ಳಿಯ ಮನೆಗಳ ನಡುವೆ ಚರ್ಚುಗಳು, ಈಶಾನ್ಯ ರಾಜ್ಯಗಳಿಂದಲೂ ಆಫ್ರಿಕಾದಿಂದಲೂ ಓದಲು ಬಂದವರ ಬಾಡಿಗೆ ಕೋಣೆಗಳು, ರಾತ್ರಿ ತಿನ್ನಲು ನಗರದ ನಾನಾ ಕಡೆಯಿಂದ ಜನ ಬರುವ ಮುಖ್ಯರಸ್ತೆ. ಇಂಥ ಕೋಣೆಗಳಿಗೆ ಸಿನಿಮಾ ತಲುಪುವುದಕ್ಕೆ ತೊಡಕೊಂದಿತ್ತು. ಡಿವಿಡಿ ಲೋಕವನ್ನು ವಲಯಗಳಾಗಿ ಹಂಚಿದ್ದರು: ಅಮೆರಿಕ 1ನೇ ವಲಯ, ಭಾರತ 5. ಅಲ್ಲಿಂದ ತಂದ ಡಿಸ್ಕನ್ನು ಇಲ್ಲಿನ ಪ್ಲೇಯರ್ ನುಂಗಿ, ಗುರ್ರೆಂದು ಸುತ್ತಿ, ಆಗುವುದಿಲ್ಲ ಎಂದು ಹೊರಗೆ ಕಕ್ಕುತ್ತಿತ್ತು. ಈ ಗೋಡೆಯನ್ನು ಹಾರಿದ್ದು ಫುಟ್‌ಪಾತಿನ ನಕಲಿ ಡಿಸ್ಕು. ಅದಕ್ಕೆ ವಲಯವಿಲ್ಲ, ಪ್ರಮಾಣಪತ್ರವಿಲ್ಲ. ಒಂದೇ ಡಿಸ್ಕಿನಲ್ಲಿ ನಾಲ್ಕೈದು ಸಿನಿಮಾ, ತೆಳು ಪ್ಲಾಸ್ಟಿಕ್ ಚೀಲ, ಕಾಗುಣಿತ ತಪ್ಪಿದ ಮುಖಪುಟ. ಎಷ್ಟೋ ನಕಲಿಗಳಲ್ಲಿ ಜಾಗ ಉಳಿಸಲು ಚಿತ್ರದ ಹಿಂದುಮುಂದನ್ನು ಕತ್ತರಿಸುತ್ತಿದ್ದರು. ಎಚ್ಚರಿಕೆಯ ಮಾತು ಇರುತ್ತಿದ್ದದ್ದು ಮುಂದೆಯೇ.

ಗುಟ್ಟಿನ ಕ್ಯಾಮೆರಾದ ತಮಾಷೆ ಇಲ್ಲಿಗೆ ಹೊಸದೇನೂ ಆಗಿರಲಿಲ್ಲ. ಸೈರಸ್ ಬರೂಚ ನಡೆಸಿದ ‘ಎಂಟಿವಿ ಬಕ್ರಾ’ದಿಂದ ‘ಬಕ್ರಾ ಮಾಡೋದು’ ಎಂಬ ಮಾತು ಬೆಂಗಳೂರಿನ ಕನ್ನಡಕ್ಕೂ ಒಗ್ಗಿಹೋಯಿತು. ಆದರೆ ಅದರಲ್ಲಿ ಕಡೆಗೆ ಕ್ಯಾಮೆರಾ ತೋರಿಸಿ, ಬಕ್ರಾ ಆದವರ ಕೈಕುಲುಕುವ ಒಂದು ಮರ್ಯಾದೆ ಇತ್ತು. ಜಾಕ್ಯಾಸ್‌ನಲ್ಲಿ ಪೆಟ್ಟು ಬಹುಪಾಲು ಮಾಡುವವನಿಗೇ ಬೀಳುತ್ತದೆ. ಅದರ ನಗುವಿಗೆ ಅಷ್ಟಾದರೂ ನ್ಯಾಯ ಇರುವುದು ಆ ಕಾರಣಕ್ಕೆ. ಡಿಸ್ಕು ಹೋಗಿ ಮೊಬೈಲ್ ಬಂದ ಮೇಲೆ ಪೆಟ್ಟು ದಾರಿಹೋಕನ ಕಡೆ ತಿರುಗಿತು.

2019ರ ನವೆಂಬರ್‌ನಲ್ಲಿ ಯಶವಂತಪುರದ ಬಳಿಯ ಷರೀಫ್ ನಗರದಲ್ಲಿ, ರಾತ್ರಿ ಹೊತ್ತು ಬಿಳಿ ಬಟ್ಟೆ ತೊಟ್ಟು ದೆವ್ವದ ವೇಷದಲ್ಲಿ ಆಟೊ ಚಾಲಕರನ್ನೂ ದಾರಿಹೋಕರನ್ನೂ ಬೆದರಿಸಿ ಯೂಟ್ಯೂಬ್‌ಗೆ ಚಿತ್ರೀಕರಿಸುತ್ತಿದ್ದ ಏಳು ಯುವಕರನ್ನು ಸೋಲದೇವನಹಳ್ಳಿ ಪೊಲೀಸರು ಬಂಧಿಸಿದರು. ಅವರಿಗೆ ಆಮೇಲೆ ಜಾಮೀನು ಸಿಕ್ಕಿತು. 2023ರ ಜನವರಿ 24ರಂದು ಕೋಟು ತೊಟ್ಟ ವ್ಯಕ್ತಿಯೊಬ್ಬ, ಕುತ್ತಿಗೆಗೆ ಗೋಡೆ ಗಡಿಯಾರ ನೇತುಹಾಕಿಕೊಂಡು, ಕೆ.ಆರ್. ಮಾರುಕಟ್ಟೆಯ ಮೇಲ್ಸೇತುವೆಯಿಂದ ಹತ್ತು ರೂಪಾಯಿ ನೋಟುಗಳನ್ನು ತೂರಿದ. ಕೆಳಗೆ ಜನ ಮುಗಿಬಿದ್ದರು, ಸಂಚಾರ ನಿಂತಿತು, ಪ್ರಕರಣ ದಾಖಲಾಯಿತು. ಗಡಿಯಾರವನ್ನು ಮಾತ್ರ ನಾಕ್ಸ್‌ವಿಲ್ ಕೂಡ ಮೆಚ್ಚುತ್ತಿದ್ದರೇನೋ.

2025ರ ಏಪ್ರಿಲ್‌ನಲ್ಲಿ ಮಾಗಡಿ ರಸ್ತೆಯ ನಡುವೆ ಕುರ್ಚಿ ಹಾಕಿಕೊಂಡು, ಅಕ್ಕಪಕ್ಕ ವಾಹನಗಳು ಹರಿಯುತ್ತಿರುವಾಗ ಟೀ ಕುಡಿದು ರೀಲ್ ಮಾಡಿದವನನ್ನು ಪೊಲೀಸರು ಹಿಡಿದರು. ನಗರ ಪೊಲೀಸರು ಆ ದೃಶ್ಯವನ್ನೇ ತಮ್ಮ ಖಾತೆಯಲ್ಲಿ ಹಾಕಿ, ಹೀಗೆ ಮಾಡಿದರೆ ಸಿಗುವುದು ಹೆಸರಲ್ಲ, ದಂಡ ಎಂದು ಎಚ್ಚರಿಸಿದರು. ಡಿಸ್ಕಿನಲ್ಲಿ ಮೊದಲೇ ಬರುತ್ತಿದ್ದ ಎಚ್ಚರಿಕೆ ಇಲ್ಲಿ ಕೊನೆಗೆ ಬಂತು.