ಕುರ್ಡಿ ಪರಿಸರದ ನೆರಳ ಹಿತ್ತಲಿನಲ್ಲಿ ಕಾಡು ಗೆಡ್ಡೆಹೂಗಳು: ಬೆಳಕಿಗಿಂತ ನೀರಿನ ಲೆಕ್ಕ

ಬ್ರಿಟನ್ನಿನ ಬ್ಲೂಬೆಲ್, ಅಮೆರಿಕದ ಟ್ರಿಲಿಯಂ ಮುಂತಾದ ಕಾಡುಹೂಗಳು ಮರಗಳ ಎಲೆ ದಟ್ಟವಾಗುವ ಮೊದಲೇ ಅರಳಿ, ನೆಲಕ್ಕಿಳಿಯುವ ಬೆಳಕನ್ನು ದಕ್ಕಿಸಿಕೊಳ್ಳುತ್ತವೆ. ನೆರಳುದೋಟದ ಪಾಠಗಳು ಬಹುಮಟ್ಟಿಗೆ ಈ ಬೆಳಕಿನ ಲೆಕ್ಕವನ್ನೇ ನೆಚ್ಚಿವೆ. ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಕುರ್ಡಿಗೆ ಆ ಲೆಕ್ಕ ಒಗ್ಗದು. ಇಲ್ಲಿ ಬೇವು, ಹೊಂಗೆ ಹೊಸ ಎಲೆ ತುಂಬಿಕೊಳ್ಳುವುದು ಬೇಸಿಗೆಯಲ್ಲಿ. ಆಗ ನೆಲ ಕಾದ ಹೆಂಚು, ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ಗೆಡ್ಡೆಗಳು ಕಣ್ಣು ಬಿಡುವುದು ರೋಹಿಣಿ, ಮಿರಗದ ಮಳೆ ಬಿದ್ದ ಮೇಲೆ, ಮರಗಳು ಪೂರ್ತಿ ಎಲೆ ಹೊತ್ತಿರುವಾಗ. ಈ ಸೀಮೆಯ ಕಾಡುಹೂಗಳ ವಸಂತವನ್ನು ಜೂನ್‌ನಿಂದ ಎಣಿಸಬೇಕೆಂಬುದು ಈ ಲೇಖನದ ವಾದ.

ದಖ್ಖನದ ಒಣ ಕಾಡುಗಳ ಗೆಡ್ಡೆಸಸ್ಯಗಳನ್ನೇ ನೋಡಿ. ಪ್ಯಾಂಕ್ರೇಷಿಯಂ ಮೊದಲ ಮಳೆಯ ಬೆನ್ನಿಗೇ ಬಿಳಿ ಹೂ ಬಿಡುತ್ತದೆ. ನೆಲತಾಳೆ ಮಣ್ಣಿಗೆ ಅಂಟಿದಂತೆ ಹಳದಿ ನಕ್ಷತ್ರಗಳನ್ನು ಅರಳಿಸುತ್ತದೆ. ಅಗ್ನಿಶಿಖೆ ಎಲೆತುದಿಯ ಕುಡಿಯಿಂದ ಬೇಲಿ ಹಿಡಿದು ಮೇಲೇರಿ, ಮಳೆಗಾಲ ಬಲಿತಾಗ ಹೂವಾಗುತ್ತದೆ. ಮಳೆ ನಿಂತ ಕೆಲಕಾಲಕ್ಕೆ ಇವೆಲ್ಲ ಒಣಗಿ ಗೆಡ್ಡೆಯೊಳಗೆ ಅಡಗುತ್ತವೆ.

ಆ ಒಣ ನಿದ್ದೆಯನ್ನು ಕಾಯುವುದೇ ಹಿತ್ತಲಿನ ಮುಖ್ಯ ಕೆಲಸ. ಬಚ್ಚಲ ನೀರನ್ನು ಗಿಡದ ಬುಡಕ್ಕೆ ಹರಿಬಿಡುವುದು ಒಳ್ಳೆಯ ರೂಢಿಯೇ, ಆದರೆ ಬೇಸಿಗೆಯಲ್ಲಿ ಮಲಗಿರುವ ಗೆಡ್ಡೆ ಅದೇ ತೇವಕ್ಕೆ ಕೊಳೆಯುತ್ತದೆ. ಎರೆಮಣ್ಣು ಇನ್ನೂ ಕಷ್ಟ: ಮಳೆಯಲ್ಲಿ ಉಬ್ಬಿ ನೀರು ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಆಳಕ್ಕೆ ಬಿರಿಯುತ್ತದೆ. ಹಾಗಾಗಿ ಕಲ್ಲು ಜೋಡಿಸಿ ಎತ್ತರಿಸಿದ ಮಡಿಯಲ್ಲಿ ಮಸಾರಿ ಮಣ್ಣು, ಗರಸು, ಕೊಳೆತ ಹೊಂಗೆ ಎಲೆ ಬೆರೆಸಿ ನೆಡಬೇಕು. ಬಚ್ಚಲ ಕಾಲುವೆ ಆ ಮಡಿಯಿಂದ ದೂರವಿರಲಿ. ಜಾಗ ಮರದ ಮೂಡಣಕ್ಕಿದ್ದರೆ ಮೇಲು. ಬೆಳಗಿನ ಓರೆಬಿಸಿಲು ಸಿಗುತ್ತದೆ, ಇಳಿಹೊತ್ತಿನ ಸುಡುಬಿಸಿಲು ತಪ್ಪುತ್ತದೆ.

ಅಗ್ನಿಶಿಖೆಯ ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ ನೆಡಬೇಕು. ಮೊಳಕೆ ಇರುವ ತುದಿ ಮುರಿದರೆ ಆ ಕವಲು ಚಿಗುರದು. ಇಡೀ ಸಸ್ಯದಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ. ಮಕ್ಕಳು ಆಡುವ, ದನ ಕಟ್ಟುವ ಹಿತ್ತಲಿನಲ್ಲಿ ಅದನ್ನು ಬೆಳೆಸಲೇಬಾರದು ಎನ್ನುತ್ತೇನೆ. ಅಲ್ಲಿಗೆ ಪ್ಯಾಂಕ್ರೇಷಿಯಮ್ಮೂ ಬೇಡ, ಅದರ ಗೆಡ್ಡೆಯೂ ತಿಂದರೆ ವಿಷವೇ. ನೆಲತಾಳೆ ಸಾಕು.

ರಾಜ್ಯದಲ್ಲೇ ಕಾಡು ತೀರ ಕಡಿಮೆಯಿರುವ ಜಿಲ್ಲೆಗಳಲ್ಲಿ ರಾಯಚೂರು ಒಂದು. ಔಷಧಿಗಾಗಿ ಅಗೆದಗೆದು ನೆಲತಾಳೆ ಎಷ್ಟೋ ಕಡೆ ವಿರಳವಾಗಿದೆ. ಅದಕ್ಕೇ ದೇವದುರ್ಗದ ಗುಡ್ಡಗಳಿಂದ ಗೆಡ್ಡೆ ಕಿತ್ತು ತರುವುದು ಸಲ್ಲದು. ಸಾಕಿದ ಗಿಡದಿಂದ ಬಿಡಿಸಿದ ಮರಿಗೆಡ್ಡೆ ಅಥವಾ ಬೀಜದಿಂದಲೇ ಆರಂಭಿಸಬೇಕು, ಬೀಜದ ಸಸಿ ಹೂವಾಗಲು ಕೆಲವು ಮಳೆಗಾಲ ಕಾಯಬೇಕಾದರೂ ಸರಿ.