ಬೆಳಕು ಬಿಟ್ಟರೆ ನಕಲಿ ಮಾತ್ರೆ ಗೊತ್ತಾಗುತ್ತದೆಯೇ?

ಮಾತ್ರೆಯ ಮೇಲೆ ಬೆಳಕು ಬಿಟ್ಟರೆ ಸಾಕು, ಅಸಲಿಯೋ ನಕಲಿಯೋ ತಿಳಿಯುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ನಾವು ಇದನ್ನು ಅರ್ಧ ಸತ್ಯ ಎನ್ನುತ್ತೇವೆ.

ಔಷಧ ಕಾರ್ಖಾನೆಗಳಲ್ಲಿ ಇಂಥ ಯಂತ್ರ ನಿಜಕ್ಕೂ ಇದೆ. ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕನ್ನು (ಸುಮಾರು 780ರಿಂದ 2500 ನ್ಯಾನೋಮೀಟರ್) ಮಾತ್ರೆ ಎಷ್ಟು ಹೀರಿತು ಎಂದು ಅದು ಅಳೆಯುತ್ತದೆ. ಪುಡಿ ಮಾಡಬೇಕಿಲ್ಲ. ಆದರೆ ಸಿಗುವುದು ಒಂದು ಅಂಕುಡೊಂಕು ಗೆರೆ ಮಾತ್ರ. ಔಷಧ, ಪಿಷ್ಟ, ತೇವಾಂಶ ಎಲ್ಲದರ ಗುರುತೂ ಅದರಲ್ಲಿ ಕಲಸಿಹೋಗಿರುತ್ತದೆ.

ಅದನ್ನು ಓದಲು ಯಂತ್ರಕ್ಕೆ ಕಲಿಸಬೇಕು. ಇದೇ ಕ್ಯಾಲಿಬ್ರೇಷನ್. 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಎಂದುಕೊಳ್ಳಿ. ಸರಿಯಾಗಿ 500 ಇರುವ ಮಾತ್ರೆಗಳನ್ನಷ್ಟೇ ತೋರಿಸಿದರೆ ಹೆಚ್ಚು-ಕಡಿಮೆ ಅದಕ್ಕೆ ತಿಳಿಯದು. ಬೇಕೆಂದೇ 400, 450, 550, 600 ಇರುವ ಮಾತ್ರೆ ಮಾಡಿ, ಎಚ್‌ಪಿಎಲ್‌ಸಿ ಎಂಬ ಲ್ಯಾಬ್ ಪರೀಕ್ಷೆಯಲ್ಲಿ ನಿಜವಾದ ಪ್ರಮಾಣ ಅಳೆದು, ಗೆರೆಯೊಂದಿಗೆ ತಾಳೆ ಹಾಕುತ್ತಾರೆ. ಆಮೇಲೆ ಹೊಸ ಮಾತ್ರೆಗಳಲ್ಲಿ ಪರೀಕ್ಷೆ. (ಪಾಠದ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟರೆ ಎಲ್ಲರೂ ಪಾಸು!) ಮಾತ್ರೆ ಗಟ್ಟಿಯಾದರೂ, ತೇವ ಹೀರಿದರೂ ಗೆರೆ ಬದಲಾಗುತ್ತದೆ. ಒಂದು ಕಂಪನಿಯ ಮಾತ್ರೆಗೆ ಕಲಿಸಿದ್ದು ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ.

ಹಾಗಾಗಿ ಯಾವುದೋ ಸಾಧನ 'ನಕಲಿ' ಎಂದಿತೆಂದು ಬಿಪಿ ಮಾತ್ರೆ ನಿಲ್ಲಿಸಬೇಡಿ. ಫೋನಿನ ಟಾರ್ಚ್‌ನಿಂದಂತೂ ಇದು ಆಗದ ಕೆಲಸ. ಸಂಶಯವಿದ್ದರೆ ಸ್ಟ್ರಿಪ್ ಮತ್ತು ಬಿಲ್ ಹಿಡಿದು ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ. ಫೋನಿಗೂ ಒಂದು ಕೆಲಸವಿದೆ: 2023ರ ಆಗಸ್ಟ್ 1ರಿಂದ ಭಾರತದಲ್ಲಿ 300 ಔಷಧ ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿ, ಬ್ಯಾಚ್ ಸಂಖ್ಯೆ ಪೊಟ್ಟಣದ ಮೇಲಿರುವುದೇ ಹೌದೇ ಎಂದು ನೋಡಿ.