ಮೂರು ಊರು, ಒಂದು ಗದ್ದುಗೆ: ಮಿಲ್ವಾಕೀ ನಗರದ ಮೇಯರರ ಕಥನ

ಮಿಷಿಗನ್ ಮಹಾಸರೋವರದ ಪಶ್ಚಿಮ ದಡದಲ್ಲಿ, ಮೂರು ನದಿಗಳು ಕೂಡುವ ಜೌಗು ನೆಲದಲ್ಲಿ, 1830ರ ದಶಕದಲ್ಲಿ ಮೂರು ಊರುಗಳು ತಲೆಯೆತ್ತಿದವು. ಹೊಳೆಯ ಪೂರ್ವಕ್ಕೆ ತುಪ್ಪಳದ ವ್ಯಾಪಾರಿ ಸಾಲೊಮನ್ ಜೂನೋ ಅವರ ಊರು, ಪಶ್ಚಿಮಕ್ಕೆ ಭೂಮಾಪಕ ಬೈರನ್ ಕಿಲ್ಬರ್ನ್ ಅವರದು, ದಕ್ಷಿಣಕ್ಕೆ ಜಾರ್ಜ್ ವಾಕರ್ ಅವರದು. ಹಗೆ ಎಷ್ಟಿತ್ತೆಂದರೆ, ಎದುರು ದಡದ ಬೀದಿಗಳಿಗೆ ಕೂಡದ ಹಾಗೆಯೇ ಕಿಲ್ಬರ್ನ್ ತಮ್ಮ ಬೀದಿಗಳನ್ನು ಗುರುತು ಹಾಕಿಸಿದರು. ಸೇತುವೆಗಳ ಖರ್ಚಿನ ಜಗಳ 1845ರ ಮೇ ತಿಂಗಳಲ್ಲಿ ಸಿಡಿಯಿತು. ಪಶ್ಚಿಮದವರು ಸೇತುವೆಯ ತಮ್ಮ ಕಡೆಯ ತುದಿಯನ್ನು ಕಡಿದು ನೀರಿಗೆ ಕೆಡವಿದರು. ಇಂದಿಗೂ ಆ ನದಿಯ ಮೇಲಿನ ಹಲವು ಸೇತುವೆಗಳು ನೇರವಾಗಿಲ್ಲ, ಓರೆಯಾಗಿ ಹಾಯುತ್ತವೆ.

ಮೇಯರ್ ಹುದ್ದೆ ಹುಟ್ಟಿದ್ದು ಈ ಜಗಳದ ಬೆನ್ನಿಗೇ. 1846ರ ಜನವರಿ 31ರಂದು ಮೂರೂ ಊರುಗಳು ಒಂದು ನಗರವಾದವು. ಜೂನೋ ಮೊದಲ ಮೇಯರ್ ಆದರು. ಆಗ ಅಧಿಕಾರದ ಅವಧಿ ಒಂದೇ ವರ್ಷ. ಮುಂದೆ ಕಿಲ್ಬರ್ನ್ ಮೇಯರ್ ಆದರು, ವಾಕರ್ ಕೂಡ ಆದರು. ನಿನ್ನೆಯವರೆಗೆ ಸೆಣಸಿದ ಮೂವರೂ ಒಂದೇ ಗದ್ದುಗೆಯ ಮೇಲೆ ಸರದಿಯಾಗಿ ಕುಳಿತದ್ದು ಈ ನಗರದ ಹಿರಿಮೆಯೆಂದೇ ನಾನು ಎಣಿಸುತ್ತೇನೆ. 1895ರಲ್ಲಿ ಪೂರ್ಣಗೊಂಡ ನಗರಭವನದ ಗೋಪುರದಲ್ಲಿ ತೂಗುವ ಗಂಟೆಗೆ ಜೂನೋ ಅವರದೇ ಹೆಸರು.

ಆ ಗೋಪುರದಡಿ ನಡೆದದ್ದೆಲ್ಲ ಘನವಾದದ್ದಲ್ಲ. 1898ರಲ್ಲಿ ಮೇಯರ್ ಆದ ಡೇವಿಡ್ ರೋಸ್ ಅವರ ಕಾಲದಲ್ಲಿ ಜೂಜುಕಟ್ಟೆ, ವೇಶ್ಯಾಗೃಹಗಳು ರಾಜಾರೋಷವಾಗಿ ನಡೆದವು. ಲಂಚದ ಆರೋಪಗಳು ನ್ಯಾಯಾಲಯದ ಮೆಟ್ಟಿಲೇರಿದವು. ಬೇಸತ್ತ ಜನ 1910ರಲ್ಲಿ ಎಮಿಲ್ ಸೈಡೆಲ್ ಎಂಬ ಮರಗೆತ್ತನೆಯ ಕುಶಲಕರ್ಮಿಯನ್ನು ಆರಿಸಿದರು. ಅಮೆರಿಕದ ದೊಡ್ಡ ನಗರವೊಂದಕ್ಕೆ ಸಮಾಜವಾದಿ ಪಕ್ಷದ ಮೊದಲ ಮೇಯರ್ ಅವರು. ಮುಂದೆ ಮಹಾಕವಿಯೆನಿಸಿದ ಕಾರ್ಲ್ ಸ್ಯಾಂಡ್‌ಬರ್ಗ್ ಆಗ ಅವರ ಕಾರ್ಯದರ್ಶಿ. ಎರಡೇ ವರ್ಷಕ್ಕೆ ಡೆಮಾಕ್ರಟರೂ ರಿಪಬ್ಲಿಕನ್ನರೂ ಕೈಜೋಡಿಸಿ ಸೈಡೆಲ್‌ರನ್ನು ಸೋಲಿಸಿದರು.

ಆದರೆ 1916ರಲ್ಲಿ ಅದೇ ಪಕ್ಷದ ಡೇನಿಯಲ್ ಹೋನ್ ಗೆದ್ದು ಬಂದರು. 24 ವರ್ಷ ಆ ಕುರ್ಚಿ ಬಿಟ್ಟು ಏಳಲಿಲ್ಲ. 1919ರಲ್ಲಿ ಬೆಲ್ಜಿಯಂ ದೊರೆಯನ್ನು ನಗರಕ್ಕೆ ಆಹ್ವಾನಿಸಬೇಕೆಂದು ಗಣ್ಯರು ಕೇಳಿದಾಗ, ತಾನು ದುಡಿಯುವವನ ಪಕ್ಷ, ರಾಜರ ಗೊಡವೆ ತನಗೆ ಬೇಡ ಎಂದು ತಳ್ಳಿಹಾಕಿದ ಧೀರರವರು. ಅವರ ನಿಜವಾದ ಸ್ಮಾರಕ ಮಾತ್ರ ಚರಂಡಿಯಲ್ಲಿದೆ. ಊರಿನ ಹೊಲಸು ಸೇರುತ್ತಿದ್ದುದೂ, ಊರು ಕುಡಿಯುತ್ತಿದ್ದುದೂ ಒಂದೇ ಸರೋವರ. 1925ರಲ್ಲಿ ಜೋನ್ಸ್ ದ್ವೀಪದಲ್ಲಿ ಶುದ್ಧೀಕರಣ ಘಟಕ ಶುರುವಾಯಿತು: ಕೊಳಚೆನೀರಿಗೆ ಗಾಳಿ ಊದಿ, ಸೂಕ್ಷ್ಮಜೀವಿಗಳಿಂದ ಹೊಲಸನ್ನು ತಿನ್ನಿಸಿ, ತಳಕ್ಕಿಳಿದ ಕೆಸರನ್ನು ಬೇರ್ಪಡಿಸುವ ಹೊಸ ವಿಧಾನ ಅಲ್ಲಿಯದು. ಒಣಗಿಸಿದ ಆ ಕೆಸರು ಮಿಲಾರ್ಗನೈಟ್ ಎಂಬ ಹೆಸರಿನಲ್ಲಿ ಚೀಲ ತುಂಬಿ ಗೊಬ್ಬರವಾಗಿ ಮಾರಾಟವಾಯಿತು, ಇಂದಿಗೂ ಆಗುತ್ತಿದೆ. ನ್ಯೂಯಾರ್ಕಿನ ಸಮಾಜವಾದಿಗಳು ಇವರನ್ನು ಚರಂಡಿ ಸಮಾಜವಾದಿಗಳೆಂದು ಹಂಗಿಸಿದರು. ಮಿಲ್ವಾಕೀಯವರು ಆ ಹೆಸರನ್ನು ಹೆಮ್ಮೆಯಿಂದ ತೊಟ್ಟುಕೊಂಡರು; ತೊಟ್ಟದ್ದು ಸರಿಯೇ. ಮಗುವಿನ ಲೋಟಕ್ಕೆ ಶುದ್ಧ ನೀರು ತುಂಬಿಸಿದ ಆಡಳಿತಕ್ಕಿಂತ ದೊಡ್ಡ ಆಡಳಿತ ಯಾವುದಿದೆ? ಸಾಲ ತೀರಿಸಲು ಹೋನ್ ಹಾಕಿದ ಕ್ರಮದಿಂದ 1943ಕ್ಕೆ ನಗರ ಋಣಮುಕ್ತವಾಯಿತು.

ಅಷ್ಟರಲ್ಲಿ ಅವರು ಸೋತಾಗಿತ್ತು. 1940ರಲ್ಲಿ ಅವರನ್ನು ಮಣಿಸಿದ ತರುಣ ಕಾರ್ಲ್ ಝೈಡ್ಲರ್ ಎರಡೇ ವರ್ಷದಲ್ಲಿ ನೌಕಾಪಡೆ ಸೇರಿ, 1942ರಲ್ಲಿ ದಕ್ಷಿಣ ಆಫ್ರಿಕಾದ ಕಡಲಲ್ಲಿ ಹಡಗಿನೊಡನೆ ಮುಳುಗಿದರು. ಅವರ ತಮ್ಮ ಫ್ರಾಂಕ್ ಝೈಡ್ಲರ್ 1948ರಿಂದ 1960ರವರೆಗೆ ಆಳಿದ ಕೊನೆಯ ಸಮಾಜವಾದಿ. ಅವರು ಇಳಿದ ವರ್ಷದ ಜನಗಣತಿಯಲ್ಲಿ ನಗರದ ಜನಸಂಖ್ಯೆ 7,41,324; ಆ ಎತ್ತರವನ್ನು ಮಿಲ್ವಾಕೀ ಮತ್ತೆ ಮುಟ್ಟಿಲ್ಲ.

ಅನಂತರ ಬಂದ ಹೆನ್ರಿ ಮೇಯರ್ ಅವರದು 28 ವರ್ಷಗಳ ದೀರ್ಘ ಆಡಳಿತ. ಆದರೆ ಆ ಕಾಲಕ್ಕೊಂದು ಕಳಂಕವಿದೆ, ಮುಚ್ಚಿಡಲಾಗದು. ಕಪ್ಪುವರ್ಣೀಯರಿಗೆ ಬೇಕೆಂದಲ್ಲಿ ಮನೆ ಸಿಗುವಂತೆ ಕಾನೂನು ತನ್ನಿರೆಂದು ನಗರಸಭೆಯ ವೆಲ್ ಫಿಲಿಪ್ಸ್ 1962ರಿಂದ ನಾಲ್ಕು ಬಾರಿ ಪ್ರಸ್ತಾವ ಮಂಡಿಸಿದರು. ನಾಲ್ಕು ಬಾರಿಯೂ ಪರವಾಗಿ ಬಿದ್ದದ್ದು ಅವರದೊಂದೇ ಮತ. ನಗರವೊಂದೇ ಕಾನೂನು ಮಾಡಿದರೆ ಬಿಳಿಯರು ಹೊರವಲಯಕ್ಕೆ ಹೋಗಿಬಿಡುತ್ತಾರೆಂಬುದು ಮೇಯರ್ ಅವರ ವಾದ. 1967ರ ಆಗಸ್ಟ್‌ನಿಂದ ಪಾದ್ರಿ ಜೇಮ್ಸ್ ಗ್ರೊಪ್ಪಿ ಅವರೊಡನೆ ಯುವಜನ 200 ದಿನ ಮೆರವಣಿಗೆ ನಡೆಸಿ, ಕಲ್ಲೇಟು ತಿಂದರು. 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ತಿಂಗಳಲ್ಲೇ, ಕಾನೂನು ಬಂತು. ಬಹಳ ತಡವಾಗಿ ಬಂತು.

1988ರಲ್ಲಿ ಜಾನ್ ನಾರ್ಕ್ವಿಸ್ಟ್, 2004ರಲ್ಲಿ ಟಾಮ್ ಬ್ಯಾರೆಟ್ ಗೆದ್ದರು. ಇವರಿಬ್ಬರ ನಡುವೆ ಕೆಲವು ತಿಂಗಳು ಹಂಗಾಮಿಯಾಗಿದ್ದ ಮಾರ್ವಿನ್ ಪ್ರ್ಯಾಟ್ ಆ ಗದ್ದುಗೆಯಲ್ಲಿ ಕುಳಿತ ಮೊದಲ ಕಪ್ಪುವರ್ಣೀಯರು. ಚುನಾವಣೆಯಲ್ಲಿ ಅವರು ಸೋತರು. ಮತದಾರರೇ ಆರಿಸಿದ ಮೊದಲ ಕಪ್ಪುವರ್ಣೀಯ ಮೇಯರ್ ಕ್ಯಾವಲಿಯರ್ ಜಾನ್ಸನ್. ಅವರು ಗೆದ್ದದ್ದು 2022ರ ಏಪ್ರಿಲ್‌ನಲ್ಲಿ, ಜೂನೋ ಮೇಯರ್ ಆಗಿ 176 ವರ್ಷಗಳ ಮೇಲೆ.